ಹನ್ನೊಂದನೆಯ ವಚನಕ್ಕೆ ಮೊದಲು ಹತ್ತು ವಚನಗಳಿವೆ

ಮಾನ್ಯ ಸಂಪಾದಕರೇ, ಬೆಳಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಬೈಬಲ್ ವಚನ ಹಂಚುವವರನ್ನು ಕಳೆದ ಸಂಚಿಕೆಯಲ್ಲಿ ಗೇಲಿ ಮಾಡಿದ್ದೀರಿ. ಕುವೈತಿನಲ್ಲಿರುವ ನನ್ನ ಮಗ ದಿನವೂ ಒಂದು ವಚನ ಕಳುಹಿಸುತ್ತಾನೆ. ಅವನು ಕಳುಹಿಸಿದ, ‘ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಜನೆಗಳೇ’ ಎಂಬ ಯೆರೆಮೀಯ 29:11ಕ್ಕೆ ಚೌಕಟ್ಟು ಹಾಕಿಸಿ ಆಲ್ತಾರಿನ ಪಕ್ಕ ತೂಗುಹಾಕಿದ್ದೇನೆ. ಅಡುಗೆ, ದನ, ಅಡಿಕೆ ಸುಲಿಯುವುದು ಎಲ್ಲ ಮುಗಿಸಿ ಜಪಸರಕ್ಕೆ ಕೂತರೆ ಕಣ್ಣು ಎಳೆಯುತ್ತದೆ. ನನ್ನಂಥವಳಿಗೆ ದಿನಕ್ಕೊಂದು ವಚನ ಸಾಲದೇ? ಇಡೀ ಗ್ರಂಥ ಓದುವುದು ಗುರುಗಳ, ಸಿಸ್ಟರುಗಳ ಕೆಲಸವಲ್ಲವೇ?
— ಓದುಗರೊಬ್ಬರು, ವರ್ಕಾಡಿ

ಪ್ರಿಯ ಸೋದರಿ,

ನಿಮ್ಮ ಪತ್ರ ಒತ್ತೊತ್ತಾದ ಅಕ್ಷರಗಳಲ್ಲಿ ನಾಲ್ಕು ಪುಟ ತುಂಬಿತ್ತು. ಜಾಗ ಸಾಲದೆ ಕೆಲವೇ ಸಾಲುಗಳನ್ನು ಅಚ್ಚು ಹಾಕಿದ್ದೇನೆ. ತೋಟದ ಕೊಳೆರೋಗ, ಮೊಮ್ಮಗನ ಶಾಲೆ, ಯಜಮಾನರ ಕಾಲುನೋವು ಎಲ್ಲವೂ ಬಿಟ್ಟುಹೋಗಿವೆ. ಇಷ್ಟನ್ನೇ ಓದಿದವರು ನಿಮ್ಮನ್ನು ಜಗಳಗಂಟಿ ಎಂದುಕೊಂಡಾರು. ಪೂರ್ತಿ ಓದಿದ ನನಗೆ ಹಾಗೆ ಅನಿಸಲಿಲ್ಲ. ನಿಮ್ಮ ಗೋಡೆಯ ಮೇಲಿನ ವಚನಕ್ಕೂ ಇದೇ ಗತಿಯಾಗಿದೆ. ಪ್ರವಾದಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯವೂ ಒಂದು ಪತ್ರವೇ. ಅದರಿಂದ ನೀವು ಒಂದು ಸಾಲನ್ನು ಮಾತ್ರ ಕಿತ್ತುಕೊಂಡಿದ್ದೀರಿ.

ಮೊದಲು ನಿಮ್ಮ ಪಕ್ಷದ ಮಾತನ್ನು ಹೇಳಿಬಿಡುತ್ತೇನೆ. ಒಂದೇ ವಚನ ಮನುಷ್ಯನ ಬದುಕನ್ನು ತಿರುಗಿಸಿದ್ದುಂಟು. ಇದ್ದುದೆಲ್ಲವನ್ನೂ ಮಾರಿ ಬಡವರಿಗೆ ಕೊಡು ಎಂಬ ಶುಭಸಂದೇಶದ ಮಾತು ದೇವಾಲಯದಲ್ಲಿ ಕಿವಿಗೆ ಬಿದ್ದದ್ದೇ ತಡ, ಈಜಿಪ್ಟಿನ ಸಂತ ಅಂತೋನಿಯವರು ಹೊಲಮನೆ ಬಿಟ್ಟು ನಡೆದರು. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಸಂತ ಅಗಸ್ಟಿನರು ಪೌಲರ ಎರಡು ಸಾಲು ಓದಿ ಅಲ್ಲೇ ಬದಲಾದರು. ಆದರೆ ಅಷ್ಟು ಹೊತ್ತಿಗೆ ಅಗಸ್ಟಿನರು ಸಂತ ಆಂಬ್ರೋಸರ ಪ್ರಸಂಗಗಳನ್ನು ಕೂತು ಕೇಳಿದ್ದರು, ಪೌಲರ ಪತ್ರಗಳನ್ನು ಓದಿಕೊಂಡಿದ್ದರು ಎಂಬುದನ್ನು ಈ ಕಥೆ ಹೇಳುವವರು ಸೇರಿಸುವುದಿಲ್ಲ. ಮಗ ಕಳುಹಿಸುವ ವಚನದಲ್ಲಿ ಪ್ರೀತಿಯಿದೆ, ಒಪ್ಪಿದೆ. ನಿಮ್ಮ ಪಕ್ಷಕ್ಕೆ ಇಷ್ಟು ಸಾಕು.

ಇನ್ನು ಆ ಪತ್ರದ ವಿಚಾರ. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ಅಧಿಕಾರಿಗಳನ್ನೂ ಕಮ್ಮಾರ ಕುಶಲಕರ್ಮಿಗಳನ್ನೂ ಬಾಬಿಲೋನಿಗೆ ಸೆರೆ ಒಯ್ದ. ಎರಡೇ ವರ್ಷ, ಎಲ್ಲರೂ ಮರಳಿ ಬರುತ್ತಾರೆ ಎಂದು ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಜನರೆದುರು ಸಾರಿದ. ಬಾಬಿಲೋನಿಗೆ ತಲೆಬಾಗಿ ಎಂಬುದರ ಗುರುತಾಗಿ ಯೆರೆಮೀಯನ ಕೊರಳಲ್ಲಿದ್ದ ಮರದ ನೊಗವನ್ನು ಕಿತ್ತು ಮುರಿದೇಬಿಟ್ಟ. ಜನರಿಗೆ ಎಷ್ಟು ಹಿಗ್ಗಾಗಿರಬೇಕು! ಹನನ್ಯನ ಕಾಲದಲ್ಲಿ ಮೊಬೈಲ್ ಇದ್ದಿದ್ದರೆ, ಸೂರ್ಯೋದಯದ ಚಿತ್ರದ ಮೇಲೆ ಅವನ ಮಾತೇ ಮನೆಮನೆಗೆ ತಲುಪುತ್ತಿತ್ತು. ಆ ವರ್ಷವೇ ಅವನು ತೀರಿಕೊಂಡ ಸುದ್ದಿಯನ್ನು ಯಾರೂ ಹಂಚುತ್ತಿರಲಿಲ್ಲ.

ಯೆರೆಮೀಯ ಸೆರೆಯಾದವರಿಗೆ ಬರೆದದ್ದು ಬೇರೆಯೇ. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ಉಣ್ಣಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಒಯ್ದಿಟ್ಟಿರುವ ಆ ನಗರದ ಒಳಿತಿಗಾಗಿ ಪ್ರಾರ್ಥಿಸಿ ಎಂದು ಐದರಿಂದ ಏಳನೆಯ ವಚನದವರೆಗೆ ಹೇಳುತ್ತಾನೆ. ಎಪ್ಪತ್ತು ವರ್ಷ ತುಂಬಿದ ಮೇಲೆ ದೇವರು ಕರೆತರುತ್ತಾರೆ ಎಂಬುದು ಹತ್ತನೆಯ ವಚನ. ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಜನೆಗಳೇ ಎಂಬ ನಿಮ್ಮ ವಚನ ಬರುವುದು ಅದಾದ ಮೇಲೆ. ಪತ್ರ ಓದಿಸಿ ಕೇಳಿದ ನಲವತ್ತರ ಗಂಡಸು ಮನಸ್ಸಿನಲ್ಲೇ ಲೆಕ್ಕ ಹಾಕಿರುತ್ತಾನೆ: ತಾನು ಊರು ಕಾಣುವುದಿಲ್ಲ, ಮೊಮ್ಮಕ್ಕಳು ಕಂಡಾರು. ಅಂಥವನಿಗೆ ಹೇಳಿದ ಮಾತು ಅದು. ಮಗನ ವೀಸಾ ಬೇಗ ನವೀಕರಣವಾಗಲಿ ಎಂದು ಆ ವಚನದ ಮುಂದೆ ಮೊಂಬತ್ತಿ ಹಚ್ಚುತ್ತೇನೆಂದು ಬರೆದಿದ್ದೀರಿ. ಹಚ್ಚಿ, ಬೇಡವೆನ್ನುವುದಿಲ್ಲ. ಆದರೆ ಪರದೇಶದಲ್ಲಿ ದುಡಿಯುವ ಮಗನಿಗೆ ನಿಜವಾಗಿ ಬರೆದದ್ದು ಏಳನೆಯ ವಚನ. ಅದನ್ನು ಅವನಿಗೆ ಯಾರೂ ಕಳುಹಿಸಿಲ್ಲ.

ಅಂದ ಹಾಗೆ, ಯೆರೆಮೀಯನಿಗೂ ಓದುಗರಿಂದ ಆಕ್ಷೇಪ ಬಂದಿತ್ತು. ಬಾಬಿಲೋನಿನಿಂದ ಶೆಮಾಯ ಎಂಬವನು ಯೆರೂಸಲೇಮಿನ ಯಾಜಕನಿಗೆ ಕಾಗದ ಬರೆದು, ಈ ಹುಚ್ಚನಿಗೆ ಇನ್ನೂ ಏಕೆ ಕೋಳ ತೊಡಿಸಿಲ್ಲ ಎಂದು ಕೇಳಿದ. ನೀವು ಅಷ್ಟು ದೂರ ಹೋಗಿಲ್ಲ, ಕೃತಜ್ಞ.

ವಚನ ಕಿತ್ತು ಬಳಸುವುದರಲ್ಲಿ ಸೈತಾನನೂ ಹಿಂದೆ ಬಿದ್ದವನಲ್ಲ. ಮತ್ತಾಯನ ನಾಲ್ಕನೆಯ ಅಧ್ಯಾಯ ನೋಡಿ. ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎಂದು 91ನೆಯ ಕೀರ್ತನೆಯನ್ನು ಯೇಸುಸ್ವಾಮಿಗೇ ಒಪ್ಪಿಸುತ್ತಾನೆ. ಕೀರ್ತನೆಯ ಮುಂದಿನ ಮಾತು ಸರ್ಪವನ್ನು ತುಳಿಯುವುದರ ಬಗ್ಗೆ. ಅಲ್ಲಿಗೆ ಬರುವ ಮೊದಲೇ ಜಾಣತನದಿಂದ ನಿಲ್ಲಿಸಿದ. ವಚನಗಳ ಅಂಕಿಗಳೂ ಪ್ರವಾದಿಗಳು ಹಾಕಿದ್ದಲ್ಲ. ಹೊಸ ಒಡಂಬಡಿಕೆಗೆ ಇಂದಿನ ವಚನಸಂಖ್ಯೆ ಹಾಕಿದ್ದು 1551ರಲ್ಲಿ, ರೊಬೆರ್ ಎಸ್ತಿಯೆನ್ ಎಂಬ ಮುದ್ರಕ. ಜಾಗ ಹುಡುಕಲೆಂದು ಹಾಕಿದ ಗುರುತನ್ನು ನಾವು ಕತ್ತರಿಸಲು ಹಾಕಿದ ಗೆರೆ ಎಂದುಕೊಂಡೆವು.

‘ಗುರುಗಳ ಕೆಲಸವಲ್ಲವೇ’ ಎಂಬ ನಿಮ್ಮ ಮಾತಿಗೆ ಮಾತ್ರ ನನಗೆ ಸ್ವಲ್ಪ ಸಿಟ್ಟು ಬಂತು. ಕಥೋಲಿಕ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ದೈವವಾಕ್ಯದ ಕುರಿತ ತನ್ನ ಶಾಸನದಲ್ಲಿ, ಪವಿತ್ರ ಗ್ರಂಥ ಭಕ್ತಾದಿಗಳೆಲ್ಲರಿಗೂ ತೆರೆದಿರಬೇಕು ಎಂದು ಹೇಳಿತು. ಗ್ರಂಥವನ್ನು ಅರಿಯದಿರುವುದೆಂದರೆ ಕ್ರಿಸ್ತರನ್ನೇ ಅರಿಯದಿರುವುದು ಎಂಬ ಸಂತ ಜೆರೋಮರ ಮಾತನ್ನು ಅಲ್ಲಿ ನೆನಪಿಸಿದ್ದು ಗುರುಗಳಿಗಾಗಿ ಮಾತ್ರವಲ್ಲ. ಭಾನುವಾರದ ವಾಚನಗಳನ್ನು ಮೂರು ವರ್ಷಗಳ ಸುತ್ತಿನಲ್ಲಿ, ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ ಎಂದು ಜೋಡಿಸಿದ್ದು ಕೂಡ ಜನ ಇಡಿಯಾಗಿ ಕೇಳಲಿ ಎಂದೇ. ಮೊದಲ ವಾಚನದ ಹೊತ್ತಿಗೆ ಇಗರ್ಜಿಯ ಅಂಗಳದಲ್ಲಿ ಬೈಕ್ ನಿಲ್ಲಿಸುತ್ತಿರುವವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ. ನೀವು ಹೊತ್ತಿಗೆ ಮುಂಚೆ ಬರುವವರು, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಎಣ್ಮಕಜೆಯ ಕಡೆ ಒಂದು ಮನೆಗೆ ಕೆಲವರ ಜೊತೆ ಹೋಗಿದ್ದೆ. ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಎರಡು ದಶಕಕ್ಕೂ ಹೆಚ್ಚು ಕಾಲ, ನಿಂತದ್ದು 2000ದಲ್ಲಿ. ಬಾಧಿತರಿಗೆ ಮೂರು ತಿಂಗಳೊಳಗೆ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2017ರ ಜನವರಿಯಲ್ಲಿ. ಬೆಳೆದ ಮಗನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ತಾಯಿ ಬೈರಾಸಿನಿಂದ ಅವನ ಬಾಯಿ ಒರೆಸುತ್ತಿದ್ದರು. ನಮ್ಮವರೊಬ್ಬರು ಚೀಲದಿಂದ ಹೊಳಪು ಕಾಗದದ ಕಾರ್ಡು ತೆಗೆದು ಕೊಟ್ಟರು: ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳಿತಿಗಾಗಿ ಕೂಡಿ ಬರುತ್ತದೆ ಎಂಬ, ಪೌಲರು ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದ ವಚನ. ಆ ತಾಯಿ ಅದನ್ನು ಕಿಟಕಿಯ ಮೇಲಿಟ್ಟು, ‘ಇವನನ್ನು ಸ್ವಲ್ಪ ಹಿಡಿದುಕೊಳ್ಳುತ್ತೀರಾ, ಒಲೆಯಲ್ಲಿ ಗಂಜಿ ಉಕ್ಕುತ್ತಿದೆ’ ಎಂದರು. ಅದೇ ಎಂಟನೆಯ ಅಧ್ಯಾಯದಲ್ಲಿ ಇಡೀ ಸೃಷ್ಟಿ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂಬ ಮಾತಿದೆ. ಆ ಮನೆಗೆ ಒಯ್ಯಬೇಕಾದದ್ದು ಅದು. ಅದನ್ನು ಯಾರೂ ಕಾರ್ಡಿನಲ್ಲಿ ಅಚ್ಚು ಹಾಕಿಸುವುದಿಲ್ಲ.

ಯೆರೆಮೀಯನ ಪತ್ರ ಓದುವಾಗಲೆಲ್ಲ ನನಗೆ ನಮ್ಮ ಗಡಿನಾಡು ಕಾಸರಗೋಡೇ ನೆನಪಾಗುತ್ತದೆ. 1956ರ ನವೆಂಬರ್ 1ರಂದು ರಾಜ್ಯದ ಗೆರೆ ತಲಪಾಡಿಯಲ್ಲಿ ಬಿತ್ತು, ನಾವು ಕೇರಳದ ಕಡೆ ಉಳಿದೆವು. ಚಂದ್ರಗಿರಿ ಹೊಳೆಯ ಉತ್ತರದ ನೆಲ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅಂದಿನಿಂದ ಇನ್ನೇನು, ಇನ್ನೆರಡೇ ವರ್ಷ ಎಂದ ಹನನ್ಯರ ಭಾಷಣಗಳಿಗೆ ನಾವು ಚಪ್ಪಾಳೆ ತಟ್ಟಿದ್ದೇವೆ. ಗೆರೆ ಬಿದ್ದು ಎಪ್ಪತ್ತು ವರ್ಷ ಹತ್ತಿರ ಹತ್ತಿರ ಆಗುತ್ತ ಬಂತು. ತೋಟ ಮಾಡಿ ಎಂದ ಮಾತನ್ನು ಎಷ್ಟು ಜನ ಕೇಳಿದೆವು? ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮಕ್ಕೆ ಕಳುಹಿಸಿದರೆ ಬೀದಿಗಿಳಿಯುತ್ತೇವೆ. ಇಳಿಯಬೇಕಾದದ್ದೇ. ಮರುದಿನ ಬೆಳಗ್ಗೆ ನಮ್ಮ ಮಕ್ಕಳನ್ನೇ ಇಂಗ್ಲಿಷ್ ಮಾಧ್ಯಮದ ಬಸ್ಸು ಹತ್ತಿಸುತ್ತೇವೆ. ಮೊಮ್ಮಗನಿಗೆ ಕನ್ನಡ ಅಕ್ಷರ ಸರಿಯಾಗಿ ಬಾರದು ಎಂದು ಮೂರನೆಯ ಪುಟದಲ್ಲಿ ನೀವೇ ಬರೆದಿದ್ದೀರಿ. ಮನೆಯಲ್ಲಿ ಆಡುವುದು ಕೊಂಕಣಿಯಲ್ಲವೇ ಎನ್ನಬೇಡಿ. ನಮ್ಮ ಕಡೆಯ ಕೊಂಕಣಿ ಜಪದ ಪುಸ್ತಕವೂ ಕನ್ನಡ ಲಿಪಿಯಲ್ಲೇ ಇದೆ. ಅಕ್ಷರ ಹೋದರೆ ಎರಡೂ ಹೋದವು. ಆಮೇಲೆ ಉಳಿಯುವುದು ಯಾರೋ ಓದಿ ಕಳುಹಿಸಿದ ಅರ್ಧ ನಿಮಿಷದ ಧ್ವನಿ.

ಆದ್ದರಿಂದ ನಿಮ್ಮ ಮೇಲೆ ಒಂದು ಕೆಲಸ ಹೊರಿಸುತ್ತೇನೆ. ಜಪಸರ ಮುಗಿದು, ಮೊಮ್ಮಗ ಕೈಮುಗಿದು ಬೆಸಾಂವ್ (ಆಶೀರ್ವಾದ) ಕೇಳುವ ಮೊದಲು, ಹತ್ತು ವಚನ ಅವನೇ ಗಟ್ಟಿಯಾಗಿ ಓದಲಿ. ತಡವರಿಸಿದರೆ ಗದರಬೇಡಿ. ನಡುವೆ ನಿಮಗೆ ತೂಕಡಿಕೆ ಬಂದರೆ ಬರಲಿ; ಪ್ರಾರ್ಥನೆಯ ಹೊತ್ತಿನಲ್ಲಿ ತಮಗೆ ನಿದ್ದೆ ಬರುತ್ತಿತ್ತೆಂದು ಲಿಸ್ಯೂವಿನ ಸಂತ ತೆರೇಸಾ ಸ್ವತಃ ಬರೆದಿಟ್ಟಿದ್ದಾರೆ, ಆದರೂ 1997ರಲ್ಲಿ ಧರ್ಮಸಭೆ ಅವರನ್ನು ತನ್ನ ಪಂಡಿತರ ಸಾಲಿಗೆ ಸೇರಿಸಿತು. ರೂತಳಿಂದ ಆರಂಭಿಸಿ, ನಾಲ್ಕೇ ಅಧ್ಯಾಯ. ಅತ್ತೆ ಸೊಸೆಯರ ಕಥೆ, ಕೊಯ್ಲಿನ ಗದ್ದೆಯಲ್ಲಿ ನಡೆಯುವುದು, ನಿಮಗೆ ಹಿಡಿಸುತ್ತದೆ. ಆಮೇಲೆ ಮಾರ್ಕ, ಹದಿನಾರು ಅಧ್ಯಾಯ. ಯೆಶಾಯನಿಗೆ ಈಗಲೇ ಕೈಹಾಕಬೇಡಿ. ಅರುವತ್ತಾರು ಅಧ್ಯಾಯಗಳಿವೆ, ಅಡಿಕೆ ಕೊಯ್ಲು ಮುಗಿಯಲಿ.

— ಸಂಪಾದಕ