ಫೈಬರ್ ಜೊತೆ ಫೋನನ್ನೂ ಮಾರಿದರೆ ಆದಾಯ ಬಂದೀತೇ?

ಊರಿನ ಮಟ್ಟದಲ್ಲಿ ಇಂಟರ್‌ನೆಟ್ ಸಂಪರ್ಕ ಕೊಡುವವರು ಅದೇ ತಂತಿಯ ಮೇಲೆ ಫೋನ್ ಸೇವೆಯನ್ನೂ ಮಾರಬಹುದೇ ಎಂಬ ವಿಷಯವಾಗಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಮೊದಲು ಕೇಬಲ್ ಟಿವಿ ನಡೆಸುತ್ತಿದ್ದೆ. ಈಗ ಸುತ್ತಮುತ್ತಲಿನ ಸುಮಾರು 400 ಮನೆ, ಅಂಗಡಿಗಳಿಗೆ ಫೈಬರ್ ಇಂಟರ್‌ನೆಟ್ ಕೊಟ್ಟಿದ್ದೇನೆ. ಪೈಪೋಟಿಯಿಂದಾಗಿ ತಿಂಗಳ ದರ ಏರಿಸಲು ಆಗುತ್ತಿಲ್ಲ. ಕಂಬದ ಬಾಡಿಗೆ, ಹುಡುಗರ ಸಂಬಳ ಮಾತ್ರ ಏರುತ್ತಲೇ ಇವೆ. ಹೊರದೇಶದ ಸಣ್ಣ ಕಂಪನಿಗಳು ಇಂಟರ್‌ನೆಟ್ ಫೋನ್ ಸೇವೆಯನ್ನು ಸಗಟಾಗಿ ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತವೆ ಎಂದು ಓದಿದೆ. ನಾನೂ ಹಾಗೆ ಮಾಡಬಹುದೇ?
ಕೇಬಲ್ ಆಪರೇಟರ್, ಕಾರಟಗಿ

ಉತ್ತರ: ಮಾಡಬಹುದು, ಆದರೆ ನೀವು ಓದಿದ ರೀತಿಯಲ್ಲಿ ಅಲ್ಲ. ಅಮೆರಿಕದಲ್ಲಿ ಸಣ್ಣ ಇಂಟರ್‌ನೆಟ್ ಕಂಪನಿಯೊಂದು ಸಗಟು ಪೂರೈಕೆದಾರರಿಂದ ದೂರವಾಣಿ ಸಂಖ್ಯೆ, ಕರೆಗಳ ಸಾಗಣೆ, ಬಿಲ್ಲಿಂಗ್ ಎಲ್ಲವನ್ನೂ ಪಡೆದು, ಮೇಲೆ ತನ್ನ ಹೆಸರು ಅಂಟಿಸಿ ಮಾರುವುದು ಬಹಳ ಹಿಂದಿನಿಂದ ನಡೆದು ಬಂದ ವ್ಯಾಪಾರ. ಅಲ್ಲಿಯೂ ಅದು ಹೊಣೆಯಿಲ್ಲದ ವ್ಯಾಪಾರವೇನಲ್ಲ. ಸಾಮಾನ್ಯ ದೂರವಾಣಿ ಜಾಲಕ್ಕೆ ಸೇರುವ ಇಂಟರ್‌ನೆಟ್ ಫೋನುಗಳು 911 ತುರ್ತು ಕರೆಯನ್ನು ಗ್ರಾಹಕರ ವಿಳಾಸದ ಸಮೇತ ತಲುಪಿಸಲೇಬೇಕೆಂದು ಅಲ್ಲಿನ ಸಂವಹನ ಆಯೋಗವಾದ ಎಫ್‌ಸಿಸಿ 2005ರಲ್ಲಿ ಆದೇಶಿಸಿತು. ಮರುವರ್ಷ ಎಲ್ಲರಿಗೂ ದೂರವಾಣಿ ಮುಟ್ಟಿಸಲೆಂದು ಇರುವ ಸಾರ್ವತ್ರಿಕ ಸೇವಾ ನಿಧಿಗೆ ವಂತಿಗೆ ಕೊಡುವ ಹೊಣೆಯೂ ಅವುಗಳ ಮೇಲೆ ಬಿತ್ತು.

ನಮ್ಮಲ್ಲಿ ಪರವಾನಗಿಯ ಗೆರೆಯೇ ಬೇರೆ ಕಡೆ ಎಳೆಯಲ್ಪಟ್ಟಿದೆ. 2002ರ ಏಪ್ರಿಲ್‌ನಿಂದ ಇಂಟರ್‌ನೆಟ್ ಸೇವಾದಾರರಿಗೆ ಸೀಮಿತ ರೂಪದ ಇಂಟರ್‌ನೆಟ್ ಫೋನ್‌ಗೆ ಅವಕಾಶವಿದೆಯಾದರೂ, ಅದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಅಥವಾ ಇಲ್ಲಿನ ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಹೋಗುವ ಕರೆಗಳಿಗಷ್ಟೇ ಸಂಬಂಧಿಸಿದ್ದು. ಭಾರತದೊಳಗಿನ ಲ್ಯಾಂಡ್‌ಲೈನ್ ಅಥವಾ ಮೊಬೈಲಿಗೆ ಕರೆ ಜೋಡಿಸುವುದು ಅದರಲ್ಲಿ ಸೇರಿಲ್ಲ, ಗ್ರಾಹಕರಿಗೆ ದೂರವಾಣಿ ಸಂಖ್ಯೆ ಕೊಡುವುದಂತೂ ಇಲ್ಲವೇ ಇಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರ ಅಕ್ಟೋಬರಿನಲ್ಲಿ ಮಾಡಿದ ಶಿಫಾರಸಿನ ಮೇಲೆ ದೂರಸಂಪರ್ಕ ಇಲಾಖೆ 2018ರ ಜೂನ್‌ನಲ್ಲಿ ಷರತ್ತುಗಳನ್ನು ತಿದ್ದಿತು. ಆಗ ಯಾರದೇ ಇಂಟರ್‌ನೆಟ್ ಮೇಲೆ ಫೋನ್ ಸೇವೆ ಕೊಡುವ ದಾರಿ ತೆರೆಯಿತಾದರೂ ಅದು ತೆರೆದದ್ದು ದೂರವಾಣಿ ಸೇವೆಯ, ಅಂದರೆ ಆಕ್ಸೆಸ್ ಸೇವೆಯ ಪರವಾನಗಿ ಇದ್ದವರಿಗೆ. ಬಿಎಸ್‌ಎನ್‌ಎಲ್‌ನ ವಿಂಗ್ಸ್ ಎಂಬ ಇಂಟರ್‌ನೆಟ್ ಫೋನ್ ಸೇವೆ ಬಂದದ್ದು ಅದರ ಬೆನ್ನಿಗೇ. ಹೀಗಾಗಿ ನಿಮ್ಮ ಕೈಯಲ್ಲಿ ಸಣ್ಣ ಪ್ರದೇಶಕ್ಕೆ ಕೊಡುವ ಸಿ ವರ್ಗದ ಇಂಟರ್‌ನೆಟ್ ಪರವಾನಗಿ ಇದ್ದರೂ, ದೊಡ್ಡ ಸೇವಾದಾರರ ಫ್ರಾಂಚೈಸಿ ಆಗಿದ್ದರೂ, ಸಂಖ್ಯೆಯಿರುವ ಫೋನನ್ನು ಸ್ವಂತ ಹೆಸರಿನಲ್ಲಿ ಮಾರಲು ಬರುವುದಿಲ್ಲ. ಪರವಾನಗಿ ಇರುವ ದೂರವಾಣಿ ಕಂಪನಿಯ ಚಾನೆಲ್ ಪಾರ್ಟ್‌ನರ್ ಆಗಿ, ಅವರ ಸಂಖ್ಯೆಯನ್ನು ಅವರ ಅರ್ಜಿ ನಮೂನೆಯಲ್ಲಿ, ಅವರ ಬಿಲ್ಲಿನಲ್ಲಿ ಕೊಡಿಸಿ ಕಮಿಷನ್ ಪಡೆಯುವುದು ಕಾನೂನಿಗೆ ಒಪ್ಪುವ ದಾರಿ. ಬೇರೆ ಕಂಪನಿಯ ಜಾಲವನ್ನು ಬಳಸಿ ತಮ್ಮ ಹೆಸರಿನಲ್ಲಿ ಸೇವೆ ಮಾರುವವರಿಗೆ ವರ್ಚುವಲ್ ನೆಟ್‌ವರ್ಕ್ ಆಪರೇಟರ್ ಎಂಬ ಬೇರೆ ಪರವಾನಗಿಯೂ 2016ರಿಂದ ಇದೆ. 400 ಸಂಪರ್ಕದ ವ್ಯವಹಾರಕ್ಕೆ ಅದರ ಕಾಗದ ಪತ್ರದ ಹೊರೆ ಹೊರುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ.

ಇನ್ನು ಆದಾಯದ ಮಾತು. ಕರೆಯ ನಿಮಿಷ ಮಾರಿ ದುಡ್ಡು ಮಾಡುವ ಕಾಲ ಮುಗಿದಿದೆ. ಒಂದು ಕಂಪನಿಯ ಕರೆಯನ್ನು ಇನ್ನೊಂದು ಕಂಪನಿ ತನ್ನ ಗ್ರಾಹಕರಿಗೆ ಮುಟ್ಟಿಸಿದ್ದಕ್ಕೆ ಪಡೆಯುತ್ತಿದ್ದ ಶುಲ್ಕ ಮೊಬೈಲ್ ಕರೆಗಳಲ್ಲಿ ನಿಮಿಷಕ್ಕೆ 14 ಪೈಸೆ ಇದ್ದದ್ದು 2017ರ ಅಕ್ಟೋಬರ್ 1ರಿಂದ 6 ಪೈಸೆಗೆ ಇಳಿದು, 2021ರ ಜನವರಿ 1ರಿಂದ ಸೊನ್ನೆಯಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಮಾತಾಡುವುದಕ್ಕೆ ಬೇರೆ ದುಡ್ಡು ಕೊಡಬೇಕೆಂಬ ಭಾವನೆಯೇ ಜನರಲ್ಲಿ ಹೋಗಿದೆ. ಮನೆಮನೆಗೆ ಫೋನ್ ಮಾರುವ ಯೋಚನೆಯನ್ನು ಆದ್ದರಿಂದ ಇವತ್ತೇ ಬಿಟ್ಟುಬಿಡಿ.

ನಿಮ್ಮ 400ರಲ್ಲಿ ಕಚೇರಿ ಎನ್ನಿಸಿಕೊಳ್ಳುವಂಥವು ಎಷ್ಟಿವೆ ಎಂದು ಮೊದಲು ಪಟ್ಟಿ ಮಾಡಿ. ರೈಸ್ ಮಿಲ್, ಅಡತಿ ಅಂಗಡಿ, ನರ್ಸಿಂಗ್ ಹೋಂ, ಖಾಸಗಿ ಶಾಲೆ, ಗೊಬ್ಬರ ಮತ್ತು ಬೀಜದ ಡೀಲರು, ಪತ್ತಿನ ಸಹಕಾರ ಸಂಘ. ತುಂಗಭದ್ರಾ ಎಡದಂಡೆ ನಾಲೆಯ ಉದ್ದಕ್ಕೂ ಇಂಥವುಗಳಿಗೇನು ಕೊರತೆಯಿಲ್ಲ. ಒಂದು ಮಿಲ್ಲನ್ನೇ ನೋಡಿ. ಚೀಲದ ಮೇಲೆ ಅಚ್ಚಾಗಿರುವುದು ಗುಮಾಸ್ತರ ಮೊಬೈಲ್ ಸಂಖ್ಯೆ. ಊರೂರಿನ ಅಕ್ಕಿ ಖರೀದಿದಾರರು ಮಾತಾಡುವುದು ಅವರೊಡನೆಯೇ. ಲಾರಿ ಎಲ್ಲಿದೆ ಎಂದು ಕೇಳುವ ಕರೆಯೂ, ಹಳೆ ಬಾಕಿ ಯಾವಾಗ ಎಂದು ಕೇಳುವ ಕರೆಯೂ ಅದೇ ಫೋನಿಗೆ. ಅವರು ಹೆಚ್ಚಿನ ಸಂಬಳಕ್ಕೆ ಎದುರಿನ ಮಿಲ್ ಸೇರಿದ ದಿನ ಸಂಖ್ಯೆಯೂ ಹೋಯಿತು, ಸಂಖ್ಯೆಯ ಜೊತೆ ಅರ್ಧ ಗಿರಾಕಿಯೂ ಹೋಯಿತು. ಈ ಮಾಲೀಕರಿಗೆ ಬೇಕಾಗಿರುವುದು ಅಗ್ಗದ ಕರೆಯಲ್ಲ. ಮಿಲ್ಲಿನ ಹೆಸರಿನಲ್ಲೇ ಇರುವ ಒಂದು ಸಂಖ್ಯೆ, ಆ ಸಂಖ್ಯೆಗೆ ಬಂದ ಕರೆ ಲಾರಿ ತೂಗುವ ವೇಬ್ರಿಜ್, ಲೆಕ್ಕದ ಕೋಣೆ, ಗೋದಾಮು ಮೂರು ಕಡೆ ಏಕಕಾಲಕ್ಕೆ ಮೊಳಗುವ ಏರ್ಪಾಡು, ಯಾರೂ ಎತ್ತದಿದ್ದರೆ ಮಾಲೀಕರ ಮೊಬೈಲಿಗೆ ತಿರುಗುವ ಸೌಲಭ್ಯ, ಸಂಜೆ ಯಾವ ಕರೆ ತಪ್ಪಿಹೋಯಿತು ಎಂದು ತೋರಿಸುವ ಪಟ್ಟಿ ಅವರಿಗೆ ಬೇಕು. ಇದಕ್ಕೆ ಇಂಟರ್‌ನೆಟ್ ಮೇಲೆ ಹಲವು ಕರೆಗಳನ್ನು ಒಟ್ಟಿಗೆ ತರುವ ದೂರವಾಣಿ ಕಂಪನಿಯ ಲೈನು, ಅಂದರೆ ಸಿಪ್ ಟ್ರಂಕ್ ಒಂದು, ಅದನ್ನು ಕೋಣೆಕೋಣೆಗೆ ಹಂಚುವ ಐಪಿ ಪಿಬಿಎಕ್ಸ್ ಒಂದು, ಮೇಜಿನ ಮೇಲಿಡುವ ಫೋನುಗಳು ಕೆಲವು ಸಾಕು. ಆಸ್ಟರಿಸ್ಕ್‌ನಂಥ ಮುಕ್ತ ತಂತ್ರಾಂಶ 1999ರಿಂದ ಬಳಕೆಯಲ್ಲಿರುವುದರಿಂದ ಪಿಬಿಎಕ್ಸ್‌ಗೆ ದುಬಾರಿ ಯಂತ್ರವೇ ಆಗಬೇಕೆಂದಿಲ್ಲ. ಆದರೆ ಪಿಬಿಎಕ್ಸ್ ಗ್ರಾಹಕರ ಕಚೇರಿಯಲ್ಲೇ, ಅವರದೇ ಸ್ವತ್ತಾಗಿ ಇರಲಿ. ನಿಮ್ಮ ಕಂಟ್ರೋಲ್ ರೂಮಿನಲ್ಲಿ ಒಂದನ್ನಿಟ್ಟು ಹತ್ತು ಜನರಿಗೆ ಹಂಚಿದರೆ ನೀವೇ ದೂರವಾಣಿ ಸೇವೆ ನಡೆಸುತ್ತಿದ್ದೀರಿ ಎಂಬ ಪ್ರಶ್ನೆ ಏಳುತ್ತದೆ.

ದುಡ್ಡು ಬರುವುದು ಅಳವಡಿಕೆಯ ಕೂಲಿ, ಉಪಕರಣದ ಮೇಲಿನ ಅಂತರ ಮತ್ತು ಮುಖ್ಯವಾಗಿ ತಿಂಗಳ ನಿರ್ವಹಣಾ ಶುಲ್ಕದಿಂದ. ದೂರವಾಣಿ ಕಂಪನಿಯ ಕಮಿಷನ್ ಇವೆಲ್ಲದರ ನಂತರದ್ದು. ಲೆಕ್ಕಕ್ಕೆಂದು 15 ಕಚೇರಿಗಳು ಸಿಕ್ಕವು, ಒಂದೊಂದರಿಂದ ತಿಂಗಳಿಗೆ 500 ರೂಪಾಯಿ ನಿರ್ವಹಣಾ ಶುಲ್ಕ ಎಂದು ಹಿಡಿದರೆ 7,500 ರೂಪಾಯಿ. ಬಂಗಲೆ ಕಟ್ಟಿಸುವ ಮೊತ್ತವಲ್ಲ. ಅದಕ್ಕಿಂತ ಬೆಲೆಬಾಳುವ ಸಂಗತಿಯೆಂದರೆ, ಫೋನಿನ ಏರ್ಪಾಡನ್ನು ನಿಮ್ಮ ಕೈಗೆ ಒಪ್ಪಿಸಿದ ಕಚೇರಿ ಐವತ್ತು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಇಂಟರ್‌ನೆಟ್ ಬದಲಿಸುವುದಿಲ್ಲ. ನಿರ್ವಹಣೆಯ ಬಿಲ್ ಮಾತ್ರ ನಿಮ್ಮ ಹೆಸರಿನದಾಗಿರಲಿ, ಜಿಎಸ್‌ಟಿ ನೋಂದಣಿ ಇದ್ದರೆ ಶೇ 18 ತೆರಿಗೆ ಹಾಕಿ. ಸ್ವಂತ ಇಂಟರ್‌ನೆಟ್ ಪರವಾನಗಿ ಉಳ್ಳವರು ಈ ಆದಾಯವನ್ನು ಪ್ರತ್ಯೇಕ ಲೆಕ್ಕದಲ್ಲಿಟ್ಟು ಲೆಕ್ಕ ಪರಿಶೋಧಕರ ಸಲಹೆ ಪಡೆಯಬೇಕು. ಪರವಾನಗಿ ಶುಲ್ಕಕ್ಕೆ ಆಧಾರವಾದ ಹೊಂದಾಣಿಕೆಯಾದ ಒಟ್ಟು ಆದಾಯ ಅಥವಾ ಎಜಿಆರ್ ಎಂದರೇನು ಎಂಬ ಒಂದೇ ಪ್ರಶ್ನೆಯ ಮೇಲೆ ಸುಪ್ರೀಂ ಕೋರ್ಟಿನ 2019ರ ಅಕ್ಟೋಬರ್ ತೀರ್ಪು ದೊಡ್ಡ ದೊಡ್ಡ ಕಂಪನಿಗಳನ್ನೇ ಅಲುಗಾಡಿಸಿತ್ತು.

ಪ್ರಶ್ನೆ: ಎರಡು ಅಂಗಡಿಗಳಿಗೆ ದೂರವಾಣಿ ಕಂಪನಿಯ ಇಂಟರ್‌ನೆಟ್ ಫೋನ್ ಹಾಕಿಸಿಕೊಟ್ಟೆ. ಹೊರಗೆ ಹೋಗುವ ಕರೆ ಸರಿಯಾಗಿ ಹೋಗುತ್ತದೆ, ಒಳಗೆ ಬರುವ ಕರೆ ಕೆಲವೊಮ್ಮೆ ಮೊಳಗುವುದೇ ಇಲ್ಲ. ಸಂಜೆ ಏಳರ ನಂತರ ಮಾತು ತುಂಡಾಗುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ 50 ಎಂಬಿಪಿಎಸ್ ತೋರಿಸುತ್ತದೆ. ಬ್ಯಾಂಡ್‌ವಿಡ್ತ್ ಹೆಚ್ಚಿಸಬೇಕೇ?
ಇಂಟರ್‌ನೆಟ್ ಸೇವಾದಾರ, ಸಿರುಗುಪ್ಪ

ಉತ್ತರ: ಬೇಡ. ಧ್ವನಿಯನ್ನು ಡಿಜಿಟಲ್ ಮಾಡಲು ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿ.711 ವಿಧಾನದಲ್ಲಿ ಧ್ವನಿಗೆ 64 ಕೆಬಿಪಿಎಸ್ ಬೇಕು. ಧ್ವನಿಯನ್ನು ತುಣುಕು ತುಣುಕಾಗಿ ಹೊರುವ ಪ್ಯಾಕೆಟ್ಟುಗಳ ತಲೆಬರಹ ಸೇರಿದರೂ ಒಂದು ಕರೆ ಒಂದು ದಿಕ್ಕಿನಲ್ಲಿ 90 ಕೆಬಿಪಿಎಸ್ ದಾಟುವುದಿಲ್ಲ, ಅಂದರೆ ಹತ್ತು ಕರೆಗಳಿಗೂ 1 ಎಂಬಿಪಿಎಸ್ ಸಾಕು. ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆಗಳು.

ಒಳಕರೆ ಮೊಳಗದಿರುವುದಕ್ಕೆ ಬಹುಪಾಲು ಕಾರಣ ನ್ಯಾಟ್. ಸಾರ್ವಜನಿಕ ಐಪಿ ವಿಳಾಸಗಳು ಸಾಲದೆ ಸಣ್ಣ ಸೇವಾದಾರರು ಹತ್ತಾರು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುತ್ತಾರೆ. ಇದೇ ನ್ಯಾಟ್. ಫೋನು ಆಗಾಗ ಕಂಪನಿಯ ಸರ್ವರಿಗೆ ತನ್ನ ಇರವನ್ನು ನೋಂದಾಯಿಸುತ್ತದೆ. ಆಮೇಲೆ ಆ ದಾರಿಯಲ್ಲಿ ಏನೂ ಹರಿಯದಿದ್ದರೆ ರೂಟರು ಅರ್ಧ ನಿಮಿಷದಲ್ಲೋ ಒಂದೆರಡು ನಿಮಿಷದಲ್ಲೋ ಆ ದಾರಿಯನ್ನು ಮರೆತುಬಿಡುತ್ತದೆ. ಹೊರಗಿನಿಂದ ಬಂದ ಕರೆಗೆ ಬಾಗಿಲು ಸಿಗುವುದಿಲ್ಲ. ಫೋನಿನ ಸೆಟ್ಟಿಂಗಿನಲ್ಲಿ, ದಾರಿ ಮುಚ್ಚದಂತೆ ಆಗಾಗ ಸಂಕೇತ ಕಳಿಸುವ ಕೀಪ್ ಅಲೈವ್ ಎಂಬುದನ್ನು 20 ಸೆಕೆಂಡಿಗೆ ಇಡಿ; ರೂಟರಿನಲ್ಲಿ ಫೋನಿನ ಪ್ಯಾಕೆಟ್ಟುಗಳನ್ನು ತಿದ್ದುವ ಸಿಪ್ ಎಎಲ್‌ಜಿ ಎಂಬುದು ಚಾಲೂ ಇದ್ದರೆ ಆರಿಸಿ, ಏಕೆಂದರೆ ಸಹಾಯ ಮಾಡಲೆಂದೇ ಇಟ್ಟಿರುವ ಈ ಸೌಲಭ್ಯ ಅನೇಕ ರೂಟರುಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ ಮಾಡುತ್ತದೆ. ಫೋನ್ ತೆಗೆದುಕೊಂಡ ಕಚೇರಿಗೆ ಸ್ಥಿರ ಸಾರ್ವಜನಿಕ ಐಪಿ ಕೊಟ್ಟರೆ ಇನ್ನೂ ಒಳ್ಳೆಯದು.

ಸಂಜೆಯ ತೊಂದರೆ ಸರದಿ ಸಾಲಿನದು. ಊರೆಲ್ಲ ವಿಡಿಯೊ ನೋಡುವ ಹೊತ್ತಿನಲ್ಲಿ ನಿಮಗೆ ಇಂಟರ್‌ನೆಟ್ ತರುವ ಮೇಲಿನ ಲಿಂಕ್ ತುಂಬಿ, ಧ್ವನಿಯ ಪುಟ್ಟ ಪ್ಯಾಕೆಟ್ಟುಗಳು ದೊಡ್ಡವುಗಳ ಹಿಂದೆ ನಿಲ್ಲುತ್ತವೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಮಾತು ಸಹಜ ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ವಿಳಂಬ ಕ್ಷಣಕ್ಷಣಕ್ಕೂ ಬದಲಾಗುವುದು, ಅಂದರೆ ಜಿಟ್ಟರ್, ಅದಕ್ಕಿಂತ ಕೆಟ್ಟದ್ದು. ಸ್ಪೀಡ್ ಟೆಸ್ಟ್ ಬದಿಗಿಟ್ಟು ರಾತ್ರಿ ಎಂಟಕ್ಕೆ ಕಂಪನಿಯ ಸರ್ವರಿಗೆ ಹತ್ತು ನಿಮಿಷ ಪಿಂಗ್ ಹಾಕಿ, ಅಂದರೆ ಪ್ಯಾಕೆಟ್ಟು ಹೋಗಿ ಬರಲು ಹಿಡಿಯುವ ಹೊತ್ತನ್ನು ಅಳೆದು ನೋಡಿ. ಅಂಕಿಗಳು ಜಿಗಿದಾಡುತ್ತಿದ್ದರೆ ಕಾರಣ ಅದೇ. ನಿಮ್ಮ ರೂಟರಿನಲ್ಲಿ ಧ್ವನಿಯ ಪ್ಯಾಕೆಟ್ಟುಗಳಿಗೆ ಮೊದಲ ಸರದಿ ಕೊಡಿ. ಅಂಗಡಿಯಲ್ಲಿ ಫೋನನ್ನು ವೈಫೈ ಮೇಲೆ ಓಡಿಸಬೇಡಿ, ತಂತಿ ಎಳೆಯಿರಿ.

ಪ್ರಶ್ನೆ: ವಾಟ್ಸ್ಆ್ಯಪ್ ಕರೆಗಳನ್ನು ಸ್ವಲ್ಪ ನಿಧಾನ ಮಾಡಿದರೆ ಗ್ರಾಹಕರು ತಾವಾಗಿಯೇ ನಮ್ಮ ಫೋನಿಗೆ ಬರುವುದಿಲ್ಲವೇ?
ಓದುಗರು, ಸಿಂಧನೂರು

ಉತ್ತರ: ಬರುವುದಿಲ್ಲ, ಬೇರೆ ಕಂಪನಿಯ ಇಂಟರ್‌ನೆಟ್ಟಿಗೆ ಹೋಗುತ್ತಾರೆ. ಅದಿರಲಿ, ಅದು ನಿಯಮಬಾಹಿರವೂ ಹೌದು. ಅಂತರ್ಜಾಲದಲ್ಲಿ ತಾರತಮ್ಯ ಕೂಡದೆಂಬ ಷರತ್ತನ್ನು 2018ರಲ್ಲಿ ಇಂಟರ್‌ನೆಟ್ ಪರವಾನಗಿಗಳಿಗೆ ಸೇರಿಸಲಾಗಿದೆ. ಅಮೆರಿಕದ ಮ್ಯಾಡಿಸನ್ ರಿವರ್ ಎಂಬ ಸಣ್ಣ ದೂರವಾಣಿ ಕಂಪನಿ ಇದನ್ನೇ ಮಾಡಲು ಹೋಗಿ, ವೊನೇಜ್ ಎಂಬ ಇನ್ನೊಂದು ಕಂಪನಿಯ ಇಂಟರ್‌ನೆಟ್ ಫೋನನ್ನು ತಡೆದಿತ್ತು. 2005ರಲ್ಲಿ ತಡೆ ತೆಗೆದು 15,000 ಡಾಲರ್ ಕಟ್ಟಬೇಕಾಯಿತು. ಹಿಂದಿನ ಉತ್ತರದಲ್ಲಿ ಹೇಳಿದ ಮೊದಲ ಸರದಿ ಕಂಪನಿಯ ಫೋನ್ ಸೇವೆಯ ಗುಣಮಟ್ಟ ಕಾಯಲು ಮಾತ್ರ, ಇನ್ನೊಬ್ಬರದನ್ನು ಕೆಡಿಸಲು ಅಲ್ಲ.

ಪ್ರಶ್ನೆ: ಒಬ್ಬರು ಬಂದು, ನಮ್ಮ ಕೋಣೆಯಲ್ಲಿ ಒಂದು ಪೆಟ್ಟಿಗೆ ಇಡಲು ಜಾಗ, ಕರೆಂಟು, ಇಂಟರ್‌ನೆಟ್ ಕೊಟ್ಟರೆ ತಿಂಗಳಿಗೆ ಒಳ್ಳೆಯ ಬಾಡಿಗೆ ಕೊಡುತ್ತೇವೆ, ಇದೂ ಇಂಟರ್‌ನೆಟ್ ಫೋನ್ ವ್ಯಾಪಾರವೇ ಎಂದಿದ್ದಾರೆ. ಪೆಟ್ಟಿಗೆಯಲ್ಲಿ ಸಾಲಾಗಿ ಸಿಮ್ ಹಾಕುವ ಕಿಂಡಿಗಳಿವೆ. ಒಪ್ಪಬಹುದೇ?
ಹೆಸರು ಬೇಡ ಎಂದವರು, ಬಳ್ಳಾರಿ

ಉತ್ತರ: ಖಂಡಿತ ಒಪ್ಪಬೇಡಿ. ಅದು ಸಿಮ್ ಬಾಕ್ಸ್. ವಿದೇಶದಿಂದ ಹೊರಟ ಕರೆ ಇಂಟರ್‌ನೆಟ್ ಮೂಲಕ ಆ ಪೆಟ್ಟಿಗೆಗೆ ಬಂದು, ಅದರೊಳಗಿನ ಸಿಮ್‌ನಿಂದ ಸ್ಥಳೀಯ ಕರೆಯಾಗಿ ಹೊರಡುತ್ತದೆ. ಎತ್ತಿದವರ ಫೋನಿನಲ್ಲಿ ಕಾಣುವುದು ಭಾರತದ ಸಂಖ್ಯೆ. ದೇಶದೊಳಗಿನ ಕರೆಗಳನ್ನು ಮುಟ್ಟಿಸುವ ಶುಲ್ಕ ಸೊನ್ನೆಯಾದರೂ ವಿದೇಶದಿಂದ ಬರುವ ಕರೆಗಳಿಗೆ ಶುಲ್ಕ ಉಳಿದಿದೆ. ಅದನ್ನು ತಪ್ಪಿಸಿ ಉಳಿದ ಹಣದಲ್ಲಿ ಬರುವುದೇ ಆ ಬಾಡಿಗೆ. ಕರೆ ಮಾಡಿದವರ ಮೂಲ ಮರೆಯಾಗುವುದರಿಂದ ವಂಚಕರಿಗೂ ಅದಕ್ಕಿಂತ ಹೆಚ್ಚಿನ ಅಪಾಯದವರಿಗೂ ಇದು ಅನುಕೂಲ. ಬೆಂಗಳೂರಿನಲ್ಲಿ 2021ರ ಜೂನ್‌ನಲ್ಲಿ ಇಂಥ ಅಕ್ರಮ ವಿನಿಮಯ ಕೇಂದ್ರಗಳನ್ನು ಭೇದಿಸಿದಾಗ ಪೊಲೀಸರೊಂದಿಗೆ ಸೇನೆಯ ಗುಪ್ತಚರ ವಿಭಾಗವೂ ಕೈಜೋಡಿಸಿತ್ತು. ಅನುಮತಿಯಿಲ್ಲದೆ ದೂರಸಂಪರ್ಕ ಸೇವೆ ನಡೆಸುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಸೆರೆವಾಸ, 2 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡಕ್ಕೂ ಅವಕಾಶವಿದೆ. ಜಾಗ ಮಾತ್ರ ಕೊಟ್ಟಿದ್ದೆ, ಒಳಗೇನಿದೆ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವುದು ಇಂಟರ್‌ನೆಟ್ ವ್ಯವಹಾರದಲ್ಲಿ ಇರುವವರಿಗೆ ಕಷ್ಟ. ಬಂದವರ ವಿವರವನ್ನು ಪೊಲೀಸರಿಗೆ ತಿಳಿಸಿ.

ಇದೇ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆ. ಲೇಔಟ್ ಸೈಟು ಮಾರುವವರು, ಸಾಲ ಕೊಡಿಸುವವರು ಒಮ್ಮೆಲೇ ಇಪ್ಪತ್ತು ಮೂವತ್ತು ಲೈನುಗಳಿರುವ ಸಿಪ್ ಟ್ರಂಕ್ ಕೇಳಿದರೆ ಕಮಿಷನ್ ನೋಡಿ ಹಿಗ್ಗಬೇಡಿ. ನೋಂದಣಿಯಿಲ್ಲದೆ ಪ್ರಚಾರದ ಕರೆ ಮಾಡುವವರ ಎಲ್ಲ ಲೈನುಗಳನ್ನೂ ಕಡಿದು, ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಸೇರಿಸಬೇಕೆಂದು ಟ್ರಾಯ್ 2024ರ ಆಗಸ್ಟಿನಲ್ಲಿ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತ್ತು. ಅಂಥ ಗ್ರಾಹಕರನ್ನು ತಂದ ಪಾರ್ಟ್‌ನರ್ ಬಗ್ಗೆ ಕಂಪನಿಗೂ ಒಳ್ಳೆಯ ಅಭಿಪ್ರಾಯ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮ ನರ್ಸಿಂಗ್ ಹೋಂನ ಹಳೆಯ ತಾಮ್ರದ ಲ್ಯಾಂಡ್‌ಲೈನ್ ಬದಲು ಫೈಬರ್ ಫೋನ್ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಕರೆಂಟು ಹೋದಾಗ ಗತಿಯೇನು?
ವೈದ್ಯರು, ರಾಯಚೂರು

ಉತ್ತರ: ಹಳೆಯ ಫೋನಿಗೆ ವಿನಿಮಯ ಕೇಂದ್ರದಿಂದಲೇ 48 ವೋಲ್ಟ್ ವಿದ್ಯುತ್ತು ತಂತಿಯಲ್ಲಿ ಬರುತ್ತಿತ್ತು; ಊರೆಲ್ಲ ಕತ್ತಲಾದರೂ ಅದು ಮೊಳಗುತ್ತಿತ್ತು. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯದು. ನಿಮ್ಮ ಕಟ್ಟಡದಲ್ಲಿ ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆ, ರೂಟರು, ಐಪಿ ಫೋನು, ಪಿಬಿಎಕ್ಸ್ ಎಲ್ಲವೂ ಯುಪಿಎಸ್ ಮೇಲಿರಬೇಕು. ಇವು ಹೆಚ್ಚು ವಿದ್ಯುತ್ತು ತಿನ್ನುವುದಿಲ್ಲವಾದ್ದರಿಂದ ಓಎನ್‌ಟಿ ಮತ್ತು ರೂಟರಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಸಾಕಾಗುತ್ತದೆ. ಆದರೆ ಜನ ಮರೆಯುವುದು ಇನ್ನೊಂದು ತುದಿಯನ್ನು. ರಸ್ತೆಯಾಚೆ ಸೇವಾದಾರರ ಓಎಲ್‌ಟಿ, ಅಂದರೆ ಫೈಬರ್ ಹೊರಡುವ ಯಂತ್ರ ಇರುವ ಕೋಣೆಯಲ್ಲಿ ಬ್ಯಾಟರಿ ಎಷ್ಟು ಗಂಟೆ ನಿಲ್ಲುತ್ತದೆ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಹಳೆಯ ಸಂಖ್ಯೆಯನ್ನೇ ಫೈಬರಿಗೆ ವರ್ಗಾಯಿಸಿಕೊಡುತ್ತಾರೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಬರೆಯಿಸಿಕೊಳ್ಳಿ. ಅಳವಡಿಸಿದ ದಿನವೇ ಮುಖ್ಯ ಸ್ವಿಚ್ ಆರಿಸಿ, ಹೊರಗಿನ ಮೊಬೈಲಿನಿಂದ ಒಳಗೆ ಕರೆ ಮಾಡಿಸಿ ನೋಡಿ. ತುರ್ತು ಚಿಕಿತ್ಸೆಯ ಮೇಜಿನ ಮೇಲೆ ಒಂದು ಮೊಬೈಲ್ ಇದ್ದೇ ಇರಲಿ, 112ಕ್ಕೆ ಕರೆ ಮಾಡುವುದು ಅದರಿಂದಲೇ ಆಗಲಿ. ಲಿಫ್ಟಿನೊಳಗಿನ ಫೋನು ಇದೇ ಹಳೆಯ ಲೈನಿಗೆ ಜೋಡಿಸಿದ್ದರೆ, ಮೇಲಿನ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಆ ಲೈನನ್ನು ರದ್ದು ಮಾಡಿಸಬೇಡಿ.