ಪ್ರಶ್ನೆ ಕೇಳಿದರೆ ಅದೇ ನಾಲ್ಕು ಕೈ ಏಳುತ್ತವೆ, ಏನು ಮಾಡಲಿ?

ಪ್ರಶ್ನೆ: ನಾನು ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ‘ಬರೀ ಉಪನ್ಯಾಸ ಬೇಡ, ಪ್ರಶ್ನೆ ಕೇಳಿ ಕಲಿಸಿ’ ಎಂದು ತರಬೇತಿಯಲ್ಲಿ ಹೇಳಿದರು. ಆದರೆ ಏನೇ ಕೇಳಿದರೂ ಅದೇ ನಾಲ್ಕು ಮಕ್ಕಳು ಕೈ ಎತ್ತುತ್ತಾರೆ. ಉಳಿದವರು ತಲೆ ತಗ್ಗಿಸಿ ಕೂರುತ್ತಾರೆ. ಪೋರ್ಷನ್ ಬೇರೆ ಹಿಂದೆ ಬಿದ್ದಿದೆ. ಪಕ್ಕದ ತರಗತಿಯವರು ಸುಮ್ನೆ ಪಾಠ ಮಾಡಿ ಮುಗಿಸುತ್ತಾರೆ. ನಾನೂ ಹಾಗೇ ಮಾಡಲೇ?

ಉತ್ತರ: ಮೊದಲು ನಿಮಗೇ ಒಂದು ಪ್ರಶ್ನೆ. ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೀರಿ?

1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನದ ತರಗತಿಗಳನ್ನು ರೆಕಾರ್ಡ್ ಮಾಡಿ ಇದನ್ನೇ ಅಳೆದರು. ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್! ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ನಿಮ್ಮ ನಾಲ್ಕು ಮಕ್ಕಳು ಜಾಸ್ತಿ ಜಾಣರೇನೂ ಇರಲಿಕ್ಕಿಲ್ಲ, ಬೇಗ ಉತ್ತರ ಹೊಳೆಯುವವರು ಅಷ್ಟೇ. ಮೂರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸಬಹುದು. ತರಗತಿಯ ಎದುರು ನಿಂತು ಎಣಿಸಿ ನೋಡಿ, ಯುಗ ಕಳೆದಂತಾಗುತ್ತದೆ.

ಎರಡನೆಯದು, ಎಂಥ ಪ್ರಶ್ನೆ? ‘ಎಲೆ ಹಸಿರಾಗಿರುವುದು ಯಾವುದರಿಂದ? ಕ್ಲೋರೋ...?’ ಎಂದು ನಾವು ಎಳೆಯುತ್ತೇವೆ, ಮಕ್ಕಳು ‘ಫಿಲ್’ ಎಂದು ಕೂಗುತ್ತಾರೆ. ಇದನ್ನು ಪ್ರಶ್ನೆ ಎನ್ನಲು ನನಗೆ ಮನಸ್ಸಿಲ್ಲ. ಬಿಟ್ಟ ಸ್ಥಳ ತುಂಬಿಸುತ್ತಾ ಮಾಡಿದ ಉಪನ್ಯಾಸ ಅದು.

ಬದಲಿಗೆ ಹೀಗೆ ಕೇಳಿ: 100 ಗ್ರಾಂ ನೀರಿಗೆ 10 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿದೆ. ಈಗ ತೂಕ ಎಷ್ಟು? 100, 110, ಅಥವಾ ಇವೆರಡರ ನಡುವೆ? ಕೈ ಎತ್ತಿಸಬೇಡಿ. ಒಂದು ನಿಮಿಷ ಯೋಚಿಸಿ, ಎಲ್ಲರೂ ಒಟ್ಟಿಗೆ ಒಂದು, ಎರಡು, ಮೂರು ಬೆರಳು ತೋರಿಸಲಿ. ‘ಉಪ್ಪು ಮಾಯವಾಯಿತು, ಹಾಗಾಗಿ 100’ ಎನ್ನುವವರು ಆಗ ಕಣ್ಣಿಗೆ ಬೀಳುತ್ತಾರೆ. ಬರೀ ಪಾಠ ಮಾಡಿದ್ದರೆ ಅವರೂ ತಲೆ ಆಡಿಸುತ್ತಿದ್ದರು ಅಲ್ವಾ? ಉತ್ತರ ಹಂಚಿಹೋಗಿದ್ದರೆ, ಸರಿ ಯಾವುದೆಂದು ಹೇಳದೆ ಪಕ್ಕದವರ ಜೊತೆ ವಾದ ಮಾಡಲು ಬಿಡಿ. ಆಮೇಲೆ ಮತ್ತೆ ಬೆರಳು. ಕೊನೆಗೆ ತಕ್ಕಡಿ ತಂದು ತೂಗಿಬಿಡಿ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದಿಂದ ದೊಡ್ಡ ತರಗತಿಗಳಲ್ಲಿ ಹೆಚ್ಚುಕಡಿಮೆ ಇದೇ ದಾರಿ ಹಿಡಿದವರು.

ಹಾಗಂತ ಉಪನ್ಯಾಸವನ್ನು ಓಡಿಸಬೇಡಿ. ಸೋಡಿಯಂನ ಚಿಹ್ನೆ ಏಕೆ ಎನ್‌ಎ ಎಂದು ಮಕ್ಕಳು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ‘ನೇಟ್ರಿಯಂ’ ಎಂಬ ಲ್ಯಾಟಿನ್ ಹೆಸರಿನಿಂದ ಬಂತು ಎಂದು ಹೇಳಿಬಿಡಿ, ಮುಗಿಯಿತು. ಹೆಸರು, ಚಿಹ್ನೆ, ಅಳತೆಯ ಮಾನ, ಪ್ರಯೋಗದ ಎಚ್ಚರಿಕೆ, ಇವೆಲ್ಲ ಹೇಳಬೇಕಾದವು. ವಿಷಯಕ್ಕೆ ತೀರಾ ಹೊಸಬರಾದ ಮಕ್ಕಳನ್ನು ‘ನೀವೇ ಕಂಡುಕೊಳ್ಳಿ’ ಎಂದು ಬಿಟ್ಟರೆ ಅವರು ಕಂಗಾಲಾಗುತ್ತಾರೆ. ಚೌಕದ ವಿಸ್ತೀರ್ಣ ಎರಡು ಪಟ್ಟು ಮಾಡುವುದು ಹೇಗೆ ಎಂದು ಒಬ್ಬ ಹುಡುಗನಿಗೆ ಪ್ರಶ್ನೆ ಕೇಳುತ್ತಲೇ ಕಲಿಸಿದ ಸಾಕ್ರಟೀಸನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಕಥೆಯಲ್ಲೂ ಹುಡುಗ ಎರಡು ಸಲ ತಪ್ಪಿದ ಮೇಲೆ ಕರ್ಣದ ಗೆರೆಯನ್ನು ಎದುರಿಗಿಟ್ಟವನು ಸಾಕ್ರಟೀಸನೇ. ಅದೂ ಶಿಷ್ಯ ಒಬ್ಬನೇ, ಪೋರ್ಷನ್ ಇಲ್ಲ!

ಪೋರ್ಷನ್ ಚಿಂತೆ ಸುಳ್ಳಲ್ಲ. ಅದಕ್ಕೇ ಒಂದು ಪೀರಿಯಡ್ಡಿಗೆ ಇಂಥ ಪ್ರಶ್ನೆ ಒಂದೇ ಸಾಕು, ಹತ್ತು ನಿಮಿಷ. ಎಲ್ಲಿ ಮಕ್ಕಳು ಪ್ರತಿ ವರ್ಷ ಎಡವುತ್ತಾರೋ ಅಲ್ಲಿ ಇಡಿ. ಆ ಜಾಗ ಹುಡುಕಲು ಹಳೆಯ ಉತ್ತರ ಪತ್ರಿಕೆ ತೆಗೆದು ಒಂದೇ ತಪ್ಪನ್ನು ಎಷ್ಟು ಜನ ಬರೆದಿದ್ದಾರೆ ನೋಡಿ. ಮಿಕ್ಕ ಹೊತ್ತು ಧೈರ್ಯವಾಗಿ ಪಾಠ ಮಾಡಿ.