ಪ್ರಾಸ್ಟೇಟ್ ಕ್ಯಾನ್ಸರ್ ಎಲ್ಲಿದೆ ನೋಡಲು ಅಪ್ಪನಿಗೆ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬರೆದಿದ್ದಾರೆ. ಇಂಜೆಕ್ಷನ್‌ಗೆ ಕಾಯಿಲೆ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ?

ನೀವು ಕೊಪ್ಪದವರು, ಸ್ಕ್ಯಾನ್‌ಗೆ ಮಣಿಪಾಲಕ್ಕೆ ಹೋಗಬೇಕು ಅಂತ ಬರೆದಿದ್ದೀರಿ. ನಾನು ತೀರ್ಥಹಳ್ಳಿಯವನು, ಕೆಲಸ ಪೆಟ್ ಸ್ಕ್ಯಾನ್ ವಿಭಾಗದಲ್ಲಿ.

ಇಂಜೆಕ್ಷನ್‌ಗೆ ಏನೂ ಗೊತ್ತಿರುವುದಿಲ್ಲ. ಅದು ರಕ್ತದ ಜೊತೆ ಸುಮ್ನೆ ಮೈಯೆಲ್ಲ ಸುತ್ತುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲೆ ಸಾಮಾನ್ಯವಾಗಿ ಪಿಎಸ್‌ಎಂಎ ಅನ್ನುವ ಕಿಣ್ವ ಜಾಸ್ತಿ ಇರುತ್ತದೆ. ಗ್ಲುಟಮೇಟ್ ಅನ್ನುವ ಅಮೈನೋ ಆಮ್ಲದ ತುಣುಕು ಕತ್ತರಿಸುವುದು ಅದರ ಕೆಲಸ. ಔಷಧದ ಒಂದು ತುದಿ ನೋಡಲು ಆ ತುಣುಕಿನಂತೆಯೇ ಇರುತ್ತದೆ, ಆದರೆ ತುಂಡಾಗುವುದಿಲ್ಲ. ಹಲಸಿನ ಮೇಣಕ್ಕೆ ಕೈ ಹಾಕಿದ ಹಾಗೆ, ಹಿಡಿದ ಕಿಣ್ವಕ್ಕೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಇನ್ನೊಂದು ತುದಿಯಲ್ಲಿ ಗ್ಯಾಲಿಯಂ-68 ಅನ್ನುವ ವಿಕಿರಣಶೀಲ ಲೋಹ ಕಟ್ಟಿರುತ್ತಾರೆ. ಅದರಿಂದ ಹೊರಡುವ ವಿಕಿರಣವನ್ನು ಮಷೀನ್ ಹೊರಗಿನಿಂದ ಹಿಡಿಯುತ್ತದೆ.

ಈ ಗ್ಯಾಲಿಯಂ ಸುಮಾರು 68 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ. ಹೆಸರಿನಲ್ಲೂ 68 ಇರುವುದು ಕಾಕತಾಳೀಯ ಅಷ್ಟೆ. ಕೆಲವು ಕಡೆ ಫ್ಲೋರಿನ್-18 ಬಳಸುತ್ತಾರೆ, ಅದಕ್ಕೆ 110 ನಿಮಿಷ. ಏನೇ ಆದರೂ ನಿಮ್ಮ ಬಸ್ಸು ಆಗುಂಬೆ ಘಾಟಿಯಲ್ಲಿ ಸಿಕ್ಕಿಕೊಂಡರೆ ಡೋಸ್ ಕಾಯುವುದಿಲ್ಲ. ಮಳೆಗಾಲ ಬೇರೆ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ.

ಪಕ್ಕದ ಮನೆಯವರು ಉಪವಾಸ ಇರಬೇಕು ಅಂದರಂತೆ ಅಲ್ವಾ? ಅವರು ಹೇಳಿದ್ದು ಎಫ್‌ಡಿಜಿ ಸ್ಕ್ಯಾನ್ ಇರಬೇಕು. ಅದರಲ್ಲಿ ಕೊಡುವುದು ಸಕ್ಕರೆಯಂಥ ವಸ್ತು, ಅದಕ್ಕೇ ಉಪವಾಸ. ಹೆಕ್ಸೊಕೈನೇಸ್ ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಆಮೇಲೆ ಅದು ಕೋಶದೊಳಗೇ ಉಳಿಯುತ್ತದೆ. ಚಳಿಯಲ್ಲಿ ನಡುಗುತ್ತಾ ಬಂದವರ ಕತ್ತು, ಭುಜದ ಕಂದು ಕೊಬ್ಬೂ (ಮೈ ಬಿಸಿ ಮಾಡುವ ಕೊಬ್ಬು) ಅದರಲ್ಲಿ ಹೊಳೆಯುತ್ತದೆ. ಅದಕ್ಕೇ ನಾವು ಕಂಬಳಿ ಹೊದಿಸಿ ಕೂರಿಸುತ್ತೇವೆ. ಪಿಎಸ್‌ಎಂಎಗೆ ಸಾಮಾನ್ಯವಾಗಿ ಉಪವಾಸ ಬೇಡ. ನೀರು ಚೆನ್ನಾಗಿ ಕುಡಿಸಿ, ಸ್ಕ್ಯಾನ್‌ಗೆ ಮೊದಲು ಮೂತ್ರಕ್ಕೆ ಹೋಗಿ ಬರಲಿ. ನಿಮಗೆ ಕೊಟ್ಟ ಚೀಟಿಯಲ್ಲಿ ಬೇರೆ ಬರೆದಿದ್ದರೆ ಅದನ್ನೇ ಪಾಲಿಸಿ.

ಹೀಗೆ ಕಿಣ್ವದಿಂದಲೇ ಕ್ಯಾನ್ಸರ್ ಹುಡುಕುವುದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ಬಗೆ: ಕಿಣ್ವ ಕತ್ತರಿಸುವವರೆಗೂ ಬೆಳಕೇ ಕೊಡದ ಬಣ್ಣ. ಲುಮಿಸೈಟ್ ಅಂಥದ್ದು. ಸ್ತನ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಉಳಿಕೆ ಇದೆಯಾ ಅಂತ ಆಪರೇಷನ್ ಟೇಬಲ್ ಮೇಲೇ ನೋಡಲು ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ನಿಮ್ಮ ಅಪ್ಪನಿಗೆ ಅದು ಸಂಬಂಧವಿಲ್ಲ, ಬಿಡಿ.

ಚಿತ್ರ ಕೈಗೆ ಬಂದಾಗ ಕೆನ್ನೆಯ ಪಕ್ಕ, ಕಣ್ಣಿನ ಹತ್ತಿರ, ಕಿಡ್ನಿ, ಮೂತ್ರಕೋಶ ಎಲ್ಲ ಹೊಳೆಯುತ್ತಿರುತ್ತದೆ. ಗಾಬರಿ ಬೇಡ, ಎಲ್ಲರಿಗೂ ಹಾಗೇ. ಕೆಲವು ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಈ ಕಿಣ್ವ ಕಮ್ಮಿ ಇದ್ದು ಹೊಳಪೇ ಬರದಿರಬಹುದು. ಆದ್ದರಿಂದ ಹಳೆಯ ಪಿಎಸ್‌ಎ (ಪ್ರಾಸ್ಟೇಟ್‌ನ ರಕ್ತ ಪರೀಕ್ಷೆ), ಬಯಾಪ್ಸಿ ರಿಪೋರ್ಟ್, ಎಂಆರ್‌ಐ ಸಿಡಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡೇ ಹೊರಡಿ.